ಬೇಳೆ ಬೇಯುವ ನೀರು

ಒಂಬತ್ತನೇ ತರಗತಿಯ ಮಕ್ಕಳಿಗೆ ರಾಸಾಯನಿಕ ಸೂತ್ರ ಕಲಿಸುವ ದಿನ ನಾನು ಮೇಜಿನ ಮೇಲೆ ಮೂರು ಬಾಟಲಿ ಇಡುತ್ತೇನೆ. ಒಂದರಲ್ಲಿ ಗ್ಲೂಕೋಸ್ ಪುಡಿ. ಇನ್ನೊಂದರಲ್ಲಿ ವಿನೆಗರ್, ಗೋಬಿ ಮಂಚೂರಿ ಗಾಡಿಯವರು ಹುಳಿಗೆ ಹಾಕುತ್ತಾರಲ್ಲ, ಅದು. ಮೂರನೆಯದರಲ್ಲಿ ಫಾರ್ಮಲಿನ್. ನಾನು ಈ ಶಾಲೆಗೆ ಬರುವ ಮೊದಲೇ ಸತ್ತ ಕಪ್ಪೆಯೊಂದು ಅದರೊಳಗೆ ಇನ್ನೂ ಕೊಳೆಯದೆ ಕೂತಿದೆ. ನೀರನ್ನು ಪಕ್ಕಕ್ಕಿಟ್ಟು ಒಳಗಿನ ಮುಖ್ಯ ವಸ್ತುವಿನ ಪರಮಾಣುಗಳ ಸರಳ ಅನುಪಾತ ತೆಗೆದರೆ ಮೂರಕ್ಕೂ ಬರುವುದು ಒಂದೇ ಸೂತ್ರ, CH₂O. ಇದಕ್ಕೆ ಎಂಪಿರಿಕಲ್ ಸೂತ್ರ ಎನ್ನುತ್ತಾರೆ. ಲೆಕ್ಕ ಒಂದೇ, ಗುಣ ಬೇರೆ. ಒಂದನ್ನು ಕುಡಿದು ಸುಸ್ತು ಕಳೆಯಬಹುದು, ಒಂದನ್ನು ನಾಲಿಗೆಗೆ ಹಚ್ಚಬಹುದು, ಇನ್ನೊಂದು ಹೆಣ ಕಾಯಲಿಕ್ಕೆ. ಅದಕ್ಕೇ ಅಣುಸೂತ್ರ ಬೇಕು, ಒಂದೊಂದು ಅಣುವಿನಲ್ಲಿ ನಿಜವಾಗಿ ಎಷ್ಟೆಷ್ಟು ಪರಮಾಣು ಇವೆ ಎಂದು ಹೇಳುವುದು. ಅದೂ ಸಾಲದಿದ್ದರೆ ರಚನಾಸೂತ್ರ, ಯಾವುದು ಯಾವುದರ ಕೈ ಹಿಡಿದಿದೆ ಎಂದು ತೋರಿಸುವುದು.

ಇಷ್ಟೆಲ್ಲ ಪಠ್ಯಪುಸ್ತಕದಲ್ಲಿ ಇಲ್ಲ. ನಾನೇ ಸೇರಿಸಿಕೊಂಡದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಿಮ್ಮಜ್ಜಿ ಹೇಳುತ್ತಾಳಲ್ಲ, ಅದನ್ನೇ ನಾನು ಸೂತ್ರದಲ್ಲಿ ಹೇಳುತ್ತಿದ್ದೇನೆ, ಒಳಗೆ ಏನಿದೆ ಎಂದು ಪೂರ್ತಿ ತಿಳಿಯದೆ ಯಾವ ವಸ್ತುವನ್ನೂ ಒಳ್ಳೆಯದು ಎನ್ನಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ಕಿಟಕಿಯ ಕಡೆ ನೋಡುತ್ತಿರುತ್ತೇನೆ. ಮಕ್ಕಳು ನಕ್ಕರೆ ಅವರ ಹಲ್ಲು ಕಾಣುತ್ತದೆ, ಅದು ನನಗೆ ಬೇಡ.

ನನ್ನ ಗಂಡನ ಮನೆ ಕೊಟ್ಟೂರು. ಶಾಲೆ ಇರುವುದು ನನ್ನ ತವರೂರಿನಲ್ಲಿ, ಅಲ್ಲಿಗೆ ಕಾನಹೊಸಹಳ್ಳಿಯ ಹತ್ತಿರ ಹೈವೇ ಬಿಟ್ಟು ಒಳಗೆ ಹೋಗಬೇಕು. ತವರೂರಿನ ಶಾಲೆಯೇ ಸಿಕ್ಕಿತೆಂದು ಎಲ್ಲರೂ ಪುಣ್ಯವಂತೆ ಎಂದರು. ನಾನು ಮೂಗಿನಲ್ಲಿ ಸುಂಬಳ ಸುರಿಸಿಕೊಂಡು ಓಡಾಡಿದ್ದನ್ನು ಕಂಡವರ ಮಕ್ಕಳಿಗೇ ಪಾಠ ಹೇಳುವುದು ಎಂಥ ಪುಣ್ಯವೋ, ಮಾಡಿದವರಿಗೇ ಗೊತ್ತು. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಬರುತ್ತೇನೆ, ಬುತ್ತಿ ತರುತ್ತೇನೆ, ನೀರೂ ನಮ್ಮನೆಯದೇ. ಮಧ್ಯಾಹ್ನ ತಮ್ಮನ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬರುವುದು ರೂಢಿ. ಮನೆಯಲ್ಲಿ ಅವ್ವ, ತಮ್ಮ, ಅವನ ಹೆಂಡತಿ, ಅವರ ಒಬ್ಬಳೇ ಮಗಳು. ತಮ್ಮನದು ಹಿಟ್ಟಿನ ಗಿರಣಿ. ಅಪ್ಪ ತೀರಿಕೊಂಡಾಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ, ಅವನು ಪಿಯುಸಿ. ಇಬ್ಬರಲ್ಲಿ ಒಬ್ಬರು ಗಿರಣಿಗೆ ನಿಲ್ಲಬೇಕಿತ್ತು. ಅಕ್ಕನಿಗೆ ಓದು ಹತ್ತೈತಿ, ನನಗೆ ಹತ್ತಿಲ್ಲ ಎಂದು ಹೇಳಿ ಅವನು ನಿಂತ. ಹತ್ತಿಲ್ಲ ಎಂಬುದು ಸುಳ್ಳು, ಗಣಿತದಲ್ಲಿ ಅವನು ನನಗಿಂತ ಚುರುಕಾಗಿದ್ದ. ಅಂದಿನಿಂದ ಆ ಮನೆಯಲ್ಲಿ ನಾನು ಆಡಿದ್ದೇ ಮಾತು.

ಹದಿನೈದು ವರ್ಷದ ಹಿಂದಿನ ಸಂಗತಿ. ಊರಿಗೆ ಆಗ ಇದ್ದದ್ದು ಹನುಮಪ್ಪನ ಗುಡಿಯ ಪಕ್ಕದ ಬೋರು. ಅದರ ನೀರು ಗಡಸು ಎಂದರೆ ಗಡಸು. ಕೊಡದ ಒಳಗೆಲ್ಲ ಬಿಳಿ ಹರಳು ಕಟ್ಟುತ್ತಿತ್ತು. ಸೋಪು ಹಚ್ಚಿದರೆ ನೊರೆಯ ಬದಲು ಮೊಸರೊಡೆದಂತೆ ಆಗುತ್ತಿತ್ತು. ಇದೆಲ್ಲಕ್ಕಿಂತ ದೊಡ್ಡ ಬೇನೆ, ಬೇಳೆ ಬೇಯುತ್ತಿರಲಿಲ್ಲ. ತೊಗರಿಬೇಳೆ ಎರಡು ತಾಸು ಕುದ್ದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ನಮ್ಮ ಕಡೆ ನೀರಿನ ಪರೀಕ್ಷೆಯೆಂದರೆ ಇಷ್ಟೇ: ಒಂದು ಬೊಗಸೆ ಬಾಯಿಗೆ ಹಾಕಿ ಸಿಹಿ ನೋಡುವುದು, ಸೋಪು ಹಚ್ಚಿ ನೊರೆ ನೋಡುವುದು, ಬೇಳೆ ಇಟ್ಟು ನೋಡುವುದು. ಹೆಣ್ಣು ಕೊಡುವವರು ಕೂಡ ಹುಡುಗನ ಗುಣ ಕೇಳುವ ಮೊದಲು ಆ ಊರಾಗ ಬ್ಯಾಳಿ ಬೇಯ್ತೈತೇನು ಎಂದು ಕೇಳುತ್ತಾರೆ. ನಮ್ಮೂರಿಗೆ ಹೆಣ್ಣು ಸಿಗುವುದು ಕಷ್ಟವಾಗಿತ್ತು, ತಮ್ಮನಿಗೂ ಎರಡು ಕಡೆ ಅದೇ ನೆಪದಲ್ಲಿ ತಪ್ಪಿತ್ತು.

ಆ ವರ್ಷ ಊರ ಹೊರಗೆ ಒಬ್ಬರ ಹೊಲದಲ್ಲಿ ಆಳಕ್ಕೆ ಕೊರೆಸಿದ ಬೋರಿನಲ್ಲಿ ನೀರು ಬಿತ್ತು. ಸಿಹಿ ನೀರು, ಕೈಗೆ ತುಸು ಬೆಚ್ಚಗೆ. ಹೊಲದವರು ಊರಿಗೆ ಬಿಟ್ಟುಕೊಡಲು ಒಪ್ಪಿದರು. ಆದರೆ ಇದ್ದದ್ದು ಒಂದೇ ಮೋಟರು, ಟ್ಯಾಂಕಿಗೆ ಒಂದೇ ಪೈಪು. ಹಳೆಯದನ್ನು ಬಿಟ್ಟು ಹೊಸದಕ್ಕೆ ಹೋಗುವುದೋ ಬೇಡವೋ ಎಂದು ಗುಡಿಯ ಕಟ್ಟೆಯಲ್ಲಿ ಮಾತು ನಡೆಯಿತು. ಒಬ್ಬ ಮುದುಕಿ ಮಾತ್ರ ಬೇಡವೆಂದಳು. ಭೂಮಿಯ ಹೊಟ್ಟೆಯೊಳಗಿಂದ ಬೆಚ್ಚಗೆ ಬರುವ ನೀರು ಕುಡಿಯಬಾರದು, ಹನುಮಪ್ಪನ ನೀರು ಬಿಟ್ಟರೆ ಅವನು ಮುನಿಯುತ್ತಾನೆ ಎಂಬುದು ಅವಳ ವಾದ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಸಿಹಿಯಾಗಿದೆ ಎಂದು ಚಪ್ಪರಿಸಿಕೊಂಡು ಹೊಗಳುವವರನ್ನೂ ನಾನು ಗೇಲಿ ಮಾಡಿದೆ. ನಾಲಿಗೆಯಿಂದ ನೀರು ಪರೀಕ್ಷೆ ಮಾಡುವ ಕಾಲ ಹೋಯಿತು, ಲ್ಯಾಬಿನಲ್ಲಿ ನೋಡಬೇಕು ಎಂದೆ. ಕಟ್ಟೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. ಅವರ ಮಾತು ಊರಲ್ಲಿ ನಡೆಯುತ್ತಿತ್ತು.

"ನೋಡವಾ, ನೀ ಓದಿದಾಕಿ. ಯಾವ ನೀರು ಕುಡೀಬೇಕು ನೀನ ಹೇಳು. ನೀ ಅಂದಂಗ ಆಗ್ಲಿ."

ನೀರಿನ ಮಾದರಿಯನ್ನು ಪರೀಕ್ಷೆಗೆಂದು ಸರ್ಕಾರದವರು ಯಾರೋ ಬಂದು ಬಾಟಲಿಯಲ್ಲಿ ತುಂಬಿಕೊಂಡು ಹೋಗಿದ್ದರು. ಅದರ ಸುದ್ದಿ ಬರಲಿ, ಅಲ್ಲಿಯವರೆಗೆ ಕಾಯೋಣ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಊರೇ ಎದುರು ಕೂತು ನನ್ನನ್ನು ಕೇಳುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಿಜವಿದ್ದರೆ ಆವತ್ತು ನನ್ನಲ್ಲಿ ಕಾಲು ಕೊಡವೂ ಇರಲಿಲ್ಲ.

ಪರೀಕ್ಷೆಯನ್ನು ಶಾಲೆಯ ಅಂಗಳದಲ್ಲೇ ಇಟ್ಟುಕೊಂಡೆ, ಎಲ್ಲರೂ ನೋಡಲಿ ಎಂದು. ಎರಡು ಬೋರಿನ ನೀರನ್ನೂ ಗಾಜಿನ ನಳಿಗೆಗಳಲ್ಲಿ ಹಾಕಿ, ಸೋಪಿನ ದ್ರಾವಣ ಹನಿಸಿ ಅಲ್ಲಾಡಿಸಿದೆ. ಹೊಸ ನೀರಿನಲ್ಲಿ ನೊರೆ ಬಾಯಿತನಕ ಬಂತು. ಹಳೆಯದರಲ್ಲಿ ಕೆನೆಗಟ್ಟಿ ಕೂತಿತು. ಮಕ್ಕಳ ಕೈಗೆ ಸ್ಕೇಲು ಕೊಟ್ಟು ನೊರೆ ಅಳೆಸಿದೆ. ಸಿಲ್ವರ್ ನೈಟ್ರೇಟ್ ಹಾಕಿ ಕ್ಲೋರೈಡ್ ನೋಡಿದೆ, ಹೊಸದರಲ್ಲಿ ಹೊಗೆಯಷ್ಟು ಬಿಳುಪು. ಬೇರಿಯಂ ಕ್ಲೋರೈಡ್ ಹಾಕಿ ಸಲ್ಫೇಟ್ ನೋಡಿದೆ, ಏನೂ ಇಲ್ಲ. ಅದೇ ಹೊತ್ತಿಗೆ ಬಿಸಿಯೂಟದ ಒಲೆಯ ಮೇಲೆ ಎರಡು ಪಾತ್ರೆಯಲ್ಲಿ ಬೇಳೆ ಇಡಿಸಿದ್ದೆ. ನಾಲಿಗೆಯ ಪರೀಕ್ಷೆಗೆ ನಕ್ಕವಳು ಬೇಳೆಯ ಪರೀಕ್ಷೆಯನ್ನು ಬಿಡಲಿಲ್ಲ ನೋಡಿ. ಹೊಸ ನೀರಿನ ಬೇಳೆ ಅರ್ಧ ತಾಸಿಗೆ ಕರಗಿ ಬೆಣ್ಣೆಯಾಗಿತ್ತು. ಹೆಂಗಸರು ಸೌಟಿನಿಂದ ಎತ್ತಿ ಎತ್ತಿ ನೋಡಿದರು, ಒಬ್ಬಳಂತೂ ಅತ್ತೇಬಿಟ್ಟಳು. ಆ ಅಳುವನ್ನು ಕಂಡ ಮೇಲೆ ನನಗೆ ಬೇರೆ ಪುರಾವೆಯೇ ಬೇಡವಾಯಿತು.

ಒಂದು ಹಾಳೆಯ ಮೇಲೆ ಎರಡೂ ನೀರಿನಲ್ಲಿ ಕರಗಿರುವ ಲವಣಗಳ ಸೂತ್ರಗಳನ್ನು ಅಂದವಾಗಿ ಬರೆದೆ. ಹಳೆಯದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೇರಳ. ಹೊಸದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೆಳಗೆ, ಹೊಸ ಬೋರಿನ ನೀರು ಕುಡಿಯಲು ಯೋಗ್ಯ ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಲವಣಗಳನ್ನು ಗುರುತಿಸುವ ಪ್ರಯೋಗದಲ್ಲಿ ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಕ್ಲೋರೈಡ್, ಸಲ್ಫೇಟ್, ಕಾರ್ಬೋನೇಟ್, ನೈಟ್ರೇಟ್ ಇಂಥವು. ಫ್ಲೋರೈಡ್ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಸಿಲ್ವರ್ ನೈಟ್ರೇಟಿಗೆ ಅದು ಸಿಕ್ಕಿಬೀಳುವುದಿಲ್ಲ, ನೀರಿನಲ್ಲಿ ಕರಗಿಯೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹುಡುಕದಿದ್ದರೆ ಸಿಗುವುದಿಲ್ಲ, ಹುಡುಕಬೇಕೆಂದು ನನಗೆ ಹೊಳೆಯಲಿಲ್ಲ. ಕುಡ್ಲಿಗಿ ಸೀಮೆಯಲ್ಲಿ, ಹರಪನಹಳ್ಳಿ ಸೀಮೆಯಲ್ಲಿ ಕಂದು ಹಲ್ಲಿನವರನ್ನು ನಾನು ಹುಟ್ಟಿದಂದಿನಿಂದ ನೋಡಿದ್ದೆ. ದೇಹದ ಉಷ್ಣಕ್ಕೆ ಹಾಗಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಬಿ.ಎಸ್ಸಿ., ಬಿ.ಎಡ್. ಮಾಡಿದ ಮೇಲೂ ನಾನು ಅದನ್ನೇ ನಂಬಿಕೊಂಡಿದ್ದೆ.

ಮೋಟರು ಹೊಸ ಬೋರಿಗೆ ಹೋಯಿತು. ಊರಿನವರು ನನ್ನನ್ನು ಎಷ್ಟು ಹೊಗಳಿದರೆಂದರೆ ಈಗ ನೆನೆದರೆ ಮೈ ಉರಿಯುತ್ತದೆ. ಅವ್ವ ಆ ನೀರನ್ನು ನನ್ನ ಮಗಳು ತಂದ ನೀರು ಎಂದೇ ಕರೆದಳು. ಆರು ತಿಂಗಳಿಗೆ ತಮ್ಮನಿಗೆ ಹೆಣ್ಣು ಸಿಕ್ಕಿತು, ಹೆಣ್ಣಿನವರು ಹರಪನಹಳ್ಳಿಯ ಕಡೆಯವರು. ಮರು ವರ್ಷ ಮಗಳು ಹುಟ್ಟಿದಳು. ಮೊದಲ ಸಲ ಅನ್ನ ತಿನ್ನಿಸುವಾಗ ಬೇಳೆ ಕಟ್ಟಿನಲ್ಲಿ ಕಲಸಿ ನಾನೇ ಬಾಯಿಗಿಟ್ಟೆ. ಸೋದರತ್ತೆ ಇಡಬೇಕು ಎಂದು ಅವ್ವ ಹಟ ಮಾಡಿದ್ದಳು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಅವುಗಳ ಮೇಲೆ ಸುಣ್ಣದ ಗೆರೆಗಳಂಥವು ಕಂಡವು, ಆಮೇಲೆ ಅವೇ ಕಂದಾದವು. ಮಗುವಿಗೆ ಹಲ್ಲು ತಿಕ್ಕಿಸುವುದಿಲ್ಲ ಎಂದು ನಾನು ನಾದಿನಿಯನ್ನು ಬೈದೆ. ಕೊಟ್ಟೂರಿನಿಂದ ದುಬಾರಿ ಪೇಸ್ಟ್ ತಂದುಕೊಟ್ಟೆ. ಅದರ ಡಬ್ಬಿಯ ಮೇಲೆ ಫ್ಲೋರೈಡ್ ಎಂಬ ಹೆಸರನ್ನು ಓದಿ, ಹಲ್ಲಿಗೆ ಒಳ್ಳೆಯದು ಎಂದು ಮಗುವಿಗೆ ವಿವರಿಸಿಯೂ ಹೇಳಿದೆ. ನನ್ನ ಸ್ವಂತ ಮಕ್ಕಳ ಹಲ್ಲು ಬೆಳ್ಳಗಿದ್ದವು, ಅವರು ಕೊಟ್ಟೂರಿನ ನೀರು ಕುಡಿದು ಬೆಳೆದವರು. ಅದೂ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಮಕ್ಕಳಿಗೆ ಶಿಸ್ತು ಇದೆ ಎಂದುಕೊಂಡೆ.

ತಮ್ಮನ ಮಗಳು ಖೊಖೊ ಆಡುತ್ತಿದ್ದಳು. ನಾಲ್ಕನೇ ತರಗತಿಯಲ್ಲೇ ದೊಡ್ಡ ಹುಡುಗಿಯರ ಜೊತೆ ಬಿಟ್ಟಿದ್ದರು. ಅವಳು ಕಂಬ ಸುತ್ತಿ ತಿರುಗುವುದನ್ನು ನೋಡಲು ಬೀದಿಯವರು ನಿಲ್ಲುತ್ತಿದ್ದರು. ಕ್ರೀಡಾ ಹಾಸ್ಟೆಲಿಗೆ ಸೇರಿಸಬೇಕು ಎಂದು ನಾನೇ ಓಡಾಡಿ ಅರ್ಜಿ ವಿಚಾರಿಸಿಕೊಂಡು ಬಂದಿದ್ದೆ. ಏಳನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಆಟ ನಿಂತಿತು. ಕೇಳಿದರೆ, ದೊಡ್ಡವಳಾದಳು, ಇನ್ನು ಆಟ ಸಾಕು ಎಂದು ತಮ್ಮ ನೆಲ ನೋಡುತ್ತ ಹೇಳಿದ. ನನಗೆ ರೇಗಿತು. ಗಿರಣಿಯ ಮುಂದೆ, ಗಿರಾಕಿಗಳ ಎದುರು, ಇಷ್ಟು ಓದಿದ ಅಕ್ಕನಿದ್ದೂ ಮಗಳನ್ನು ಮನೆಯಲ್ಲಿ ಕೂಡಿಹಾಕುತ್ತೀಯಲ್ಲ, ನಾಚಿಕೆ ಆಗುವುದಿಲ್ಲವೇ ಎಂದು ಕೂಗಾಡಿದೆ. ಅವನು ಮೈಮೇಲಿನ ಹಿಟ್ಟು ಕೊಡವಿಕೊಂಡು ಒಳಗೆ ಹೋದ. ನಾನು ಒಂದು ತಿಂಗಳು ಮಜ್ಜಿಗೆಗೆ ಹೋಗಲಿಲ್ಲ.

ಎಂಟನೇ ತರಗತಿಗೆ ಅವಳು ನನ್ನ ಶಾಲೆಗೆ ಬಂದಳು. ಒಂದು ದಿನ ಬೋರ್ಡಿನ ಮೇಲೆ ಸುಣ್ಣದಕಲ್ಲಿನ ಸೂತ್ರ ಬರೆಯಲು ಕರೆದೆ. ಅವಳು ಎದ್ದಳು, ತಡವರಿಸಿದಳು, ಆಮೇಲೆ ಬಂದಳು. ಬೆಂಚುಗಳ ನಡುವಿನ ಆ ಹತ್ತು ಹೆಜ್ಜೆಯಲ್ಲಿ ನಾನು ಕಂಡೆ. ಮೊಣಕಾಲು ಒಂದಕ್ಕೊಂದು ತಿಕ್ಕುತ್ತಿದ್ದವು, ಪಾದಗಳು ದೂರ ದೂರ ಬೀಳುತ್ತಿದ್ದವು. ಚೂಡಿದಾರದ ಅಗಲ ಪ್ಯಾಂಟಿನೊಳಗೂ ಅದು ಮುಚ್ಚಿರಲಿಲ್ಲ. ಸೂತ್ರವನ್ನು ಸರಿಯಾಗಿಯೇ ಬರೆದು, ಗೋಡೆ ಹಿಡಿದುಕೊಂಡು ವಾಪಸ್ಸು ಹೋಗಿ ಕೂತಳು.

ಅದೇ ವಾರ ಹಟ ಹಿಡಿದು ದಾವಣಗೆರೆಗೆ ಕರೆದುಕೊಂಡು ಹೋದೆ. ತಮ್ಮ ಮೊದಲು ಒಲ್ಲೆನೆಂದ, ಗಿರಣಿ ಬಿಟ್ಟು ಹೇಗೆ ಬರಲಿ ಎಂದ, ಕೊನೆಗೆ ಬಂದ. ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ದೀಪದೆದುರು ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹುಡುಗಿಗೆ ಬಾಯಿ ತೆರೆಯಲು ಹೇಳಿ ಹಲ್ಲು ನೋಡಿದರು. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಉತ್ತರ ಕೊಟ್ಟ.

"ಬೋರಿನ ನೀರ್ರಿ ಸರ್. ಭಾಳ ಚಲೋ ನೀರು. ಟೆಸ್ಟ್ ಮಾಡಿದ್ದೈತ್ರಿ."

ಡಾಕ್ಟರು ಫ್ಲೋರೈಡ್ ನೋಡಿದ್ದೀರಾ ಎಂದು ಕೇಳಿದರು. ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ತಡ, ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅಂಗಳ, ನೊರೆ, ಸೌಟಿನಲ್ಲಿ ಕರಗಿದ ಬೇಳೆ. ಕುರ್ಚಿಯ ಕೈ ಹಿಡಿದುಕೊಂಡು ಕೂತೆ. ಡಾಕ್ಟರು ಹೇಳಿದ್ದು ಅರ್ಧ ಕೇಳಿಸಿತು: ನೀರು ಮೊದಲು ಬದಲಿಸಿ, ಹಾಲು ಕೊಡಿ, ಬೆಳವಣಿಗೆ ನಿಂತ ಮೇಲೆ ಎಲುಬು ಕತ್ತರಿಸಿ ನೇರ ಮಾಡುವ ಆಪರೇಶನ್ ನೋಡೋಣ, ಓಡುವುದು ಮಾತ್ರ ಕಷ್ಟ. ಹುಡುಗಿ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತ ನಿಂತಿದ್ದಳು.

ಹಡಗಲಿಯ ಕಾಲೇಜಿನಲ್ಲಿ ನನ್ನ ಜೊತೆ ಓದಿದವಳೊಬ್ಬಳು ಪಾಠ ಮಾಡುತ್ತಾಳೆ. ಅವಳಿಂದ ಫ್ಲೋರೈಡ್ ನೋಡುವ ಕೆಂಪು ದ್ರಾವಣ ತಂದೆ. ನೀರಿಗೆ ಹಾಕಿದಾಗ ಫ್ಲೋರೈಡ್ ಇದ್ದಷ್ಟೂ ಕೆಂಪು ಹೋಗಿ ಹಳದಿಯಾಗುತ್ತದೆ. ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಿಕೊಂಡು, ತಮ್ಮನ ಮನೆಯ ನೀರನ್ನು ನಳಿಗೆಗೆ ಹಾಕಿ ಹನಿಸಿದೆ. ಬಣ್ಣದ ಪಟ್ಟಿಯಲ್ಲಿದ್ದ ಕೊನೆಯ ಹಳದಿಗಿಂತಲೂ ಹಳದಿಯಾಯಿತು. ಹನುಮಪ್ಪನ ಬೋರಿಗೆ ಈಗ ಕೈಪಂಪು ಇದೆ, ದನಕ್ಕೆ ಹೊಡೆಯುತ್ತಾರೆ. ಆ ನೀರನ್ನೂ ತಂದು ಹಾಕಿದೆ. ಕೆಂಪು ಕೆಂಪಾಗಿಯೇ ಉಳಿಯಿತು.

ಆವತ್ತು ಸ್ಟೂಲಿನ ಮೇಲೆ ಕೂತು ನಾನು ಒಬ್ಬಳೇ ಅತ್ತೆ. CaF₂ ಎಂಬ ಸೂತ್ರವನ್ನು ನೂರು ಸಲ ಬರೆಸಿದ್ದೇನೆ. ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದಿಲ್ಲ ಎಂದು ಕೆಳಗೆ ಗೆರೆ ಎಳೆಸಿದ್ದೇನೆ. ಅದರ ಅರ್ಥ ಇಷ್ಟೇ: ಎಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆಯೋ ಅಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲಲಾರದು. ಬೇಳೆ ಬೇಯಗೊಡದ, ಕೊಡಕ್ಕೆ ಹರಳು ಕಟ್ಟುವ ಆ ಹಾಳು ನೀರೇ ಇಷ್ಟು ವರ್ಷ ಊರನ್ನು ಕಾಯುತ್ತಿತ್ತು. ನಾನು ಕ್ಯಾಲ್ಸಿಯಂ ಇಲ್ಲದ ನೀರನ್ನು ಹುಡುಕಿ ಹುಡುಕಿ ಆರಿಸಿದ್ದೆ. ನೀರಿನಲ್ಲಿ ಕ್ಯಾಲ್ಸಿಯಂ ಸಿಗದ ಫ್ಲೋರೈಡು ಅದನ್ನು ಮಕ್ಕಳ ಎಲುಬಿನಲ್ಲಿ ಹುಡುಕಿಕೊಂಡು ಹೋಗಿತ್ತು. ಎಲುಬಿಗೂ ಒಂದು ಸೂತ್ರವಿದೆ. ಫ್ಲೋರೈಡ್ ಸೇರಿದ ಮೇಲೆ ಆ ಸೂತ್ರದಲ್ಲಿ ಒಂದೇ ಒಂದು ಕಡೆ ಬದಲಾಗುತ್ತದೆ, OH ಇದ್ದಲ್ಲಿ F ಬಂದು ಕೂರುತ್ತದೆ. ನಾನು ಅದನ್ನು ತಪ್ಪಿಲ್ಲದೆ ಬರೆಯಬಲ್ಲೆ, ಅಳಿಸಲಾರೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಂಡದ್ದು ಆ ಹುಡುಗಿ.

ಗುಡಿಯ ಕಟ್ಟೆಗೆ ಹೋಗಿ ಎಲ್ಲರನ್ನೂ ಕೂಡಿಸಿದೆ. ಎರಡೂ ನಳಿಗೆ ತೋರಿಸಿದೆ, ಕೆಂಪು, ಹಳದಿ. ತಪ್ಪು ನನ್ನದು ಎಂದೂ ಹೇಳಿದೆ. ಬೈಯುತ್ತಾರೆ, ಕಲ್ಲು ಎತ್ತುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಆಗಿದ್ದರೇ ಚೆನ್ನಾಗಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಮತ್ತೆ ಆ ಸವಳು ನೀರಿನಲ್ಲಿ ಬೇಳೆ ಬೇಯಿಸುವುದು ಯಾರು ಎಂದು ಒಬ್ಬಳು ಮೆಲ್ಲಗೆ ಕೇಳಿದಳು. ಹಲ್ಲು ಕೆಂಪಾದರೆ ಏನಾಯಿತು, ನಮ್ಮ ಸೀಮೆಯ ಹಲ್ಲೇ ಹಾಗೆ ಎಂದ ಇನ್ನೊಬ್ಬ. ಮೊದಲು ನನ್ನನ್ನು ಕೇಳಿದ್ದ ಹಿರಿಯರು ಈಗ ಕೋಲು ಹಿಡಿದು ಕೂತಿದ್ದರು. ಸೊಂಟ ಬಗ್ಗದು, ಕತ್ತು ತಿರುಗದು. ಕತ್ತಿನ ಜೊತೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು.

"ಆವತ್ತು ಚಲೋ ಐತಿ ಅಂದಾಕೀನೂ ನೀನ, ಇವತ್ತು ವಿಷ ಅನ್ನಾಕೀನೂ ನೀನ. ನಾವು ಯಾವುದು ನಂಬಬೇಕವಾ?"

ಊರಿಗೆ ನೀರು ಶುದ್ಧ ಮಾಡುವ ಯಂತ್ರದ ಕೋಣೆಯೊಂದು ಬಂದಿತ್ತು. ಆ ನೀರು ಸಪ್ಪೆ ಎಂದು ಯಾರೂ ಹೋಗುತ್ತಿರಲಿಲ್ಲ. ಒಂದು ದಿನ ಅದು ಕೆಟ್ಟಿತು, ಬೀಗ ಬಿತ್ತು. ಪಂಚಾಯಿತಿಗೆ ಅರ್ಜಿ ಬರೆದೆ, ಫೋನು ಮಾಡಿದೆ. ನದಿ ನೀರಿನ ಪೈಪು ಬರುತ್ತದೆ, ಕಾಯಿರಿ ಎಂದರು. ಕಾಯುತ್ತಿದ್ದೇವೆ. ಟ್ಯಾಂಕಿಗೆ ಅದೇ ನೀರು ಹತ್ತುತ್ತಿದೆ. ಪ್ರತಿ ಜೂನಿನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬರುತ್ತಾರೆ. ನಾನು ಹೆಸರು ಕರೆಯುವ ಮೊದಲು ಹಲ್ಲು ನೋಡುತ್ತೇನೆ, ಹಾಜರಿ ಹಾಕುವ ಮೊದಲು ನಡಿಗೆ ನೋಡುತ್ತೇನೆ. ಬಿಟ್ಟು ಬೇರೆ ಕಡೆ ವರ್ಗ ಮಾಡಿಸಿಕೊಳ್ಳಿ ಎಂದು ಗಂಡ ಹೇಳುತ್ತಾರೆ. ಎಲ್ಲಿಗೆ ಹೋದರೂ ನಾನೇ ತಾನೇ ಹೋಗುವುದು.

ತಮ್ಮನ ಮನೆಗೆ ಮಾತ್ರ ಅಂದಿನಿಂದ ಕಾನಹೊಸಹಳ್ಳಿಯಿಂದ ಕ್ಯಾನ್ ನೀರು ಬರುತ್ತಿದೆ, ನಾನೇ ಗೊತ್ತು ಮಾಡಿದ್ದು. ಆದರೆ ಆ ಮನೆಯಲ್ಲಿ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅವ್ವ ಅನ್ನಲಿಲ್ಲ, ನಾದಿನಿ ಅನ್ನಲಿಲ್ಲ. ತಮ್ಮ ಎಂದಿನಂತೆ, ಅಕ್ಕ ಮಜ್ಜಿಗೆ ಕುಡಿ ಎಂದ. ಅದು ನನಗೆ ತಡೆಯಲಾಗಲಿಲ್ಲ. ಹುಡುಗಿಗಾದರೂ ನಾನೇ ಹೇಳಬೇಕು, ಬೇರೆಯವರ ಬಾಯಿಂದ ತಿಳಿಯಬಾರದು ಎಂದು ನಿಶ್ಚಯ ಮಾಡಿದೆ. ಕಟ್ಟೆಯ ಮೇಲೆ ಊರಿಗೆಲ್ಲ ಹೇಳಿದ ಮಾತು ಅವಳೆದುರು ಬಾಯಿಗೆ ಬರಲು ಒಂದು ವರ್ಷ ಬೇಕಾಯಿತು.

ಮೊನ್ನೆ ಒಂದು ಶನಿವಾರ ಅವಳು ಲ್ಯಾಬಿನಲ್ಲಿ ಒಬ್ಬಳೇ ಸಿಕ್ಕಳು. ಉಳಿದ ಮಕ್ಕಳು ಮೈದಾನದಲ್ಲಿದ್ದರು, ಅವಳು ನನಗೆ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸಿಕೊಡುತ್ತಿದ್ದಳು. ಹೇಳಿಬಿಟ್ಟೆ. ಆ ಬೋರನ್ನು ಆರಿಸಿದ್ದು ನಾನು, ಅದು ಒಳ್ಳೆಯದೆಂದು ಬರೆದುಕೊಟ್ಟದ್ದು ನಾನು, ನಿನ್ನ ಕಾಲು ಹೀಗಾದದ್ದು ನನ್ನಿಂದ. ಅವಳು ಚೀಟಿಯ ಮೂಲೆಯನ್ನು ಉಗುರಿನಿಂದ ಒತ್ತಿ ಸಪಾಟು ಮಾಡಿದಳು.

"ಗೊತ್ತೈತಿ ಅತ್ತಿ."

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಕಟ್ಟೆಯ ಮಾತು ಕಿವಿಗೆ ಬಿದ್ದಿರಬೇಕು ಎಂದುಕೊಂಡಿದ್ದೆ. ಅದಲ್ಲ. ಅವಳು ಆರನೇ ತರಗತಿಯಲ್ಲಿದ್ದಾಗಲೇ ಕಾಲು ನೋಯುತ್ತಿತ್ತಂತೆ. ತಮ್ಮ, ನಾದಿನಿಯ ತವರಿಗೆ ಹೋದ ನೆಪದಲ್ಲಿ ಹರಪನಹಳ್ಳಿಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ್ದನಂತೆ. ಅವರು ಹಲ್ಲು ನೋಡಿದ ಕೂಡಲೇ ಇದು ನೀರಿನದು, ಇಂದೇ ನೀರು ಬದಲಿಸಿ ಎಂದಿದ್ದರಂತೆ. ಅಂದರೆ ನಾನು ದಾವಣಗೆರೆಗೆ ಕರೆದೊಯ್ಯುವುದಕ್ಕೆ ಎರಡು ವರ್ಷ ಮೊದಲು.

ಮತ್ತೆ ಯಾಕೆ ಬದಲಿಸಲಿಲ್ಲ ಎಂದು ಕೇಳಿದೆ. ಅವಳು ಪಾಠ ಒಪ್ಪಿಸುವಂತೆ ಒಂದೇ ಸಮನೆ ಹೇಳಿದಳು.

"ಅಜ್ಜಿ ಬ್ಯಾಡ ಅಂದ್ಲು. ನಮ್ಮನ್ಯಾಗ ಕ್ಯಾನ್ ನೀರು ಕಂಡ್ರ ಊರು ಯಾಕಂತ ಕೇಳ್ತೈತಿ, ನಿಮ್ಮತ್ತಿ ಮಾತು ಸುಳ್ಳಾಗತೈತಿ, ಮನೀ ಮಗಳ ಮರ್ಯಾದಿ ಹೋಗತೈತಿ ಅಂದ್ಲು. ಅಪ್ಪ ಆವತ್ತು ಉಣ್ಲಿಲ್ಲ. ಆಮ್ಯಾಲ, ಊರಾಗ ಎಲ್ಲಾ ಹುಡುಗ್ರೂ ಅದನ್ನ ಕುಡೀತಾವಲ್ಲ, ಏನಾಗಂಗಿಲ್ಲ ಅಂದ. ಏಳನೇ ಕ್ಲಾಸಿಗೆ ಬಂದ ಮ್ಯಾಲ ನನ್ನ ಆಟ ಬಿಡಿಸಿದ. ಅತ್ತಿ ಮುಂದ ಕಾಲ್ನೋವು ಅನ್ನಬ್ಯಾಡ ಅಂತ ನನ್ನ ಕೈಲೆ ಆಣಿ ಮಾಡ್ಸಿಕೊಂಡ."

ಗಿರಣಿಯ ಮುಂದೆ ನಾನು ಕೂಗಾಡಿದಾಗ ಅವನು ಸುಮ್ಮನೆ ಒಳಗೆ ಹೋದದ್ದು ಅದಕ್ಕೆ. ದಾವಣಗೆರೆಯಲ್ಲಿ ಚಲೋ ನೀರು, ಟೆಸ್ಟ್ ಮಾಡಿದ್ದು ಎಂದು ಡಾಕ್ಟರಿಗೆ ಹೇಳಿದ್ದು, ನಿಜ ಗೊತ್ತಿದ್ದೇ, ಪಕ್ಕದಲ್ಲಿ ನಾನು ಕೂತಿದ್ದೆನೆಂದು. ಎಂಟನೇ ತರಗತಿಯಲ್ಲಿ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಬೆಂಚಿನಲ್ಲಿ ಕೂತಿರುತ್ತಿದ್ದಳು, ಎಲ್ಲರಿಗಿಂತ ಕೊನೆಗೆ ಏಳುತ್ತಿದ್ದಳು. ಓದಿನಲ್ಲಿ ಆಸಕ್ತಿ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡು ಹಿಗ್ಗಿದವಳು ನಾನು.

ಅಳಬೇಡ ಅತ್ತೆ, ನೀನು ಅಳುತ್ತೀ ಅಂತಲೇ ಹೇಳಿರಲಿಲ್ಲ ಎಂದು ಅವಳು ನನ್ನ ಬೆನ್ನು ಸವರಿದಳು. ಆಮೇಲೆ ಮೇಜು ಹಿಡಿದು ಎದ್ದು, ಉಳಿದ ಚೀಟಿಗಳನ್ನು ಅಂಟಿಸಿದಳು.

ಎರಡು ವರ್ಷ. ಅಷ್ಟು ಮೊದಲು ನೀರು ಬದಲಿಸಿದ್ದರೆ ಆ ಕಾಲು ಉಳಿಯುತ್ತಿತ್ತೇ ಎಂದು ದಾವಣಗೆರೆಯ ಡಾಕ್ಟರನ್ನು ಕೇಳಬಹುದು. ಮುಂದಿನ ತಿಂಗಳು ತೋರಿಸಲು ಹೋಗಲಿಕ್ಕಿದೆ, ಮೂವರೂ ಹೋಗುತ್ತೇವೆ. ನಾನು ಕೇಳುವುದಿಲ್ಲ. ತಮ್ಮನೂ ಕೇಳುವುದಿಲ್ಲ.